ತಾರಸಿಯಿಂದ ಕಾಣುವ ತಾಳೆಗಳ ನೆತ್ತಿ

ಪ್ರಶ್ನೆ: ನಮ್ಮ ಕೈತೋಟದಲ್ಲಿ ತೆಂಗಿನ ಜೊತೆಗೆ ಅಲಂಕಾರಕ್ಕೆ ಬೆಳೆಸಿದ ಹಲವು ಜಾತಿಯ ತಾಳೆಗಳಿವೆ. ತಾರಸಿಯ ಮೇಲೆ ನಿಂತರೆ ಅವುಗಳ ನೆತ್ತಿಗಳು ಬಹಳ ಸೊಗಸಾಗಿ ಕಾಣುತ್ತವೆ. ಆದರೆ ಫೋಟೊದಲ್ಲಿ ಎಲ್ಲವೂ ಬೆರೆತು ಬರೀ ಹಸಿರು ರಾಶಿಯಾಗುತ್ತದೆ, ಗರಿಗಳ ಮೇಲೆ ಬಿಳಿ ಹೊಳಪೂ ಮೂಡುತ್ತದೆ. ಪರಿಹಾರವೇನು?

ಉತ್ತರ: ನಮ್ಮ ಎರಡು ಕಣ್ಣುಗಳು ಒಟ್ಟಾಗಿ ನೋಡುವುದರಿಂದ ಮುಂದಿನ ಗರಿಯೂ ಅದರ ಕೆಳಗಿನ ಹುಲ್ಲುಹಾಸೂ ಬೇರೆ ಬೇರೆಯಾಗಿ ಕಾಣುತ್ತವೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ನೆಲದಿಂದ ತೆಗೆದ ಚಿತ್ರದಲ್ಲಿ ಗರಿಗಳ ಹಿಂದೆ ಆಕಾಶವಿರುತ್ತದೆ. ತಾರಸಿಯಿಂದ ಕೆಳಗೆ ನೋಡುವಾಗ ಹಸಿರಿನ ಹಿಂದೆಯೂ ಹಸಿರೇ ಇರುವುದರಿಂದ, ಅವೆರಡನ್ನೂ ಬೇರ್ಪಡಿಸಬಲ್ಲದ್ದು ಬೆಳಕು ನೆರಳುಗಳ ವ್ಯತ್ಯಾಸವೊಂದೇ. ಸೂರ್ಯ ಮೂಡಿದ ಸ್ವಲ್ಪ ಹೊತ್ತಿಗೆ ಮತ್ತು ಮುಳುಗುವ ಮುನ್ನ, ಓರೆ ಬಿಸಿಲು ಮರಗಳ ನೆತ್ತಿಯನ್ನು ಮುಟ್ಟಿದ್ದರೂ ನೆಲ ಮಾತ್ರ ಕಟ್ಟಡದ ನೆರಳಿನಲ್ಲೇ ಉಳಿದಿರುವ ಒಂದು ಹೊತ್ತು ಸಿಗುತ್ತದೆ. ನಿಮ್ಮ ಚಿತ್ರಗಳನ್ನು ಆಗಲೇ ತೆಗೆಯಿರಿ. ಕಪ್ಪಾದ ನೆಲದ ಮೇಲೆ ಪ್ರತಿಯೊಂದು ಗರಿಯೂ ತನ್ನ ಅಂಚು ಸಮೇತ ಎದ್ದು ಕಾಣುತ್ತದೆ. ಬೀಸಣಿಗೆಯಂಥ ಎಲೆಯ ಜಾತಿಗಳನ್ನು ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಎಲೆಯೊಳಗಿನಿಂದ ಬೆಳಕು ಹಾಯ್ದು, ತೊಟ್ಟಿನ ತುದಿಯಿಂದ ಹರಡಿದ ನರಗಳೆಲ್ಲ ಒಂದೊಂದಾಗಿ ತೋರುತ್ತವೆ.

ಬಿಳಿ ಹೊಳಪು ಎಲೆಯ ಬಣ್ಣವಲ್ಲ. ಎಲೆಯ ನುಣುಪಾದ ಮೇಲ್ಮೈಯಲ್ಲಿ ಪ್ರತಿಫಲಿಸುವ ಆಕಾಶ ಅದು. ಇಂಥ ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಿ, ಹೊಳಪು ಇಳಿದು ಹಸಿರು ಮೂಡುವವರೆಗೆ ನಿಧಾನವಾಗಿ ತಿರುಗಿಸಿ. ಅದು ಒಂದರಿಂದ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕನ್ನು ಕಡಿಮೆ ಮಾಡುತ್ತದೆ ಎಂಬುದನ್ನು ಮರೆಯಬೇಡಿ. ಮಡಗಾಸ್ಕರ್ ಮೂಲದ ಬಿಸ್ಮಾರ್ಕ್ ತಾಳೆ ನಿಮ್ಮಲ್ಲಿದ್ದರೆ ಅದರ ಬೆಳ್ಳಿನೀಲಿ ಬಣ್ಣ ನಡು ಹಗಲಿನಲ್ಲಿ ಸುಲಭವಾಗಿ ಬಿಳಿಚಿಕೊಳ್ಳುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ಪಡೆಯುವ ಬೆಳಕನ್ನು, ಅರ್ಧ ಸ್ಟಾಪ್‌ನಷ್ಟು ತಗ್ಗಿಸಿ.

ಇನ್ನೊಂದು ಮಾತು. ಇಡೀ ತೋಟವನ್ನು ಒಂದೇ ಚೌಕಟ್ಟಿನಲ್ಲಿ ತುಂಬುವ ಆಸೆಯನ್ನು ಬಿಟ್ಟು, ಒಂದೇ ಒಂದು ನೆತ್ತಿಯನ್ನು ಆರಿಸಿಕೊಳ್ಳಿ. ನೆಲದಲ್ಲಿ ನಿಂತವರಿಗೆ ಸಿಗದ, ತಾರಸಿಗೆ ಮಾತ್ರ ದಕ್ಕುವ ನೋಟವೆಂದರೆ ಸುಳಿ, ಅಂದರೆ ನೆತ್ತಿಯ ನಡುವೆ ಹೊಸ ಗರಿಗಳು ಮೂಡುವ ಭಾಗ. ತೆಂಗಿನಲ್ಲಿ ಒಂದು ಗರಿಗೂ ಅದರ ಮುಂದಿನ ಗರಿಗೂ ನಡುವೆ ಸುಮಾರು 140 ಡಿಗ್ರಿ ಕೋನವಿರುವುದರಿಂದ ಹೊಸ ಗರಿ ಹಿಂದಿನದರ ನೇರ ಮೇಲೆ ಬರುವುದಿಲ್ಲ. ಮೇಲಿನಿಂದ ನೋಡಿದಾಗ ಗರಿಗಳು ಸುರುಳಿಯಾಗಿ ಹೊರಟಂತೆ ಕಾಣುತ್ತವೆ. ಕೆಲವು ಮರಗಳಲ್ಲಿ ಈ ಸುರುಳಿ ಎಡಕ್ಕೂ ಕೆಲವುಗಳಲ್ಲಿ ಬಲಕ್ಕೂ ತಿರುಗುತ್ತದೆ. ಅಕ್ಕಪಕ್ಕದ ಎರಡು ಮರಗಳಲ್ಲೇ ಈ ವ್ಯತ್ಯಾಸ ಸಿಕ್ಕರೆ ಅದಕ್ಕಿಂತ ಒಳ್ಳೆಯ ಚಿತ್ರವಸ್ತು ಬೇಕಿಲ್ಲ. ಸುಳಿಯ ಒಳಭಾಗದ ವಿವರಕ್ಕೆ ಮೋಡ ಕವಿದ ದಿನವೇ ಮೇಲು, ಏಕೆಂದರೆ ಆಗ ಗಾಢ ನೆರಳುಗಳು ಬೀಳುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದರೆ ಗರಿಗಳ ತುದಿ ಎರಡೆರಡಾಗಿ ಕಾಣುವುದೇಕೆ?

ಉತ್ತರ: ಬೆಳಕು ನೆರಳು ಎರಡರ ವಿವರವನ್ನೂ ಹಿಡಿಯುವ ಎಚ್‌ಡಿಆರ್ ಸೌಲಭ್ಯದಲ್ಲಿ ಮೊಬೈಲು ಹಲವು ಚಿತ್ರಗಳನ್ನು ಬೆಸೆಯುತ್ತದೆ, ಆ ನಡುವೆ ಗಾಳಿಗೆ ಗರಿ ಸರಿದರೆ ತುದಿ ಜೋಡಿಯಾಗುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ, ಗಾಳಿ ಬೀಸದ ಬೆಳಗಿನಲ್ಲಿ ತೆಗೆಯಿರಿ. ಕ್ಯಾಮೆರಾವಾದರೆ ಶಟರ್ ವೇಗ ಸೆಕೆಂಡಿನ 1/500 ಇರಲಿ. ಚಿತ್ರದ ಕೋನಕ್ಕಾಗಿ ಪ್ಯಾರಪೆಟ್ ಗೋಡೆಯ ಮೇಲೆ ಹತ್ತುವುದಾಗಲಿ, ಅದರಾಚೆ ಬಾಗುವುದಾಗಲಿ ಸರ್ವಥಾ ಕೂಡದು.

ಪ್ರಶ್ನೆ: ಇಂಥ ಚಿತ್ರಗಳಿಂದ ಮರದ ಆರೋಗ್ಯ ತಿಳಿಯಬಹುದೇ?

ಉತ್ತರ: ಬಹಳಷ್ಟು ತಿಳಿಯಬಹುದು. ತಾರಸಿಯ ಒಂದೇ ಜಾಗದಲ್ಲಿ ಗುರುತು ಮಾಡಿಕೊಂಡು, ಅದೇ ಜೂಮ್ ಇಟ್ಟು ತಿಂಗಳಿಗೊಂದು ಚಿತ್ರ ತೆಗೆಯಿರಿ. ಬೆಳೆದ ಆರೋಗ್ಯವಂತ ತೆಂಗು ವರ್ಷಕ್ಕೆ 12ರಿಂದ 14 ಗರಿ ಬಿಡುತ್ತದೆ; ಅದು ಕುಂಠಿತವಾದರೆ ಚಿತ್ರಗಳ ಸಾಲಿನಲ್ಲೇ ಗೊತ್ತಾಗುತ್ತದೆ. ಬಿಚ್ಚಿಕೊಂಡ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದಂಥ ತ್ರಿಕೋನಗಳಿದ್ದರೆ ರೈನೋಸೆರಸ್ ದುಂಬಿ ಸುಳಿಯನ್ನು ಕೊರೆದಿದೆ ಎಂದರ್ಥ. ಹೊಸ ಗರಿಗಳು ಚಿಕ್ಕದಾಗಿ ಮುರುಟಿಕೊಂಡರೆ ಮ್ಯಾಂಗನೀಸ್ ಕೊರತೆಯನ್ನು ಶಂಕಿಸಬೇಕು. ನಡುವಿನ ಸುಳಿಯೇ ಬಾಡಿ ವಾಲಿದರೆ ತಡಮಾಡದೆ ತೋಟಗಾರಿಕೆ ತಜ್ಞರಿಗೆ ಆ ಚಿತ್ರವನ್ನು ತೋರಿಸಿ. ಒಂಟಿ ಕಾಂಡದ ತಾಳೆಗೆ ಬೆಳೆಯುವ ತುದಿ ಅದೊಂದೇ, ಅದು ಕೊಳೆತರೆ ಮರ ಉಳಿಯುವುದಿಲ್ಲ.

ಕೆಳಗಿನ ಹಳೆಯ ಗರಿಗಳು ಹಳದಿಯಾಗುವುದು ಹೆಚ್ಚಾಗಿ ಪೊಟ್ಯಾಶ್ ಕೊರತೆಯಿಂದ. ಚಿತ್ರದಲ್ಲಿ ಅಂದಗೆಡುತ್ತವೆಂದು ಅವನ್ನು ಕಡಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರ ಆ ಗರಿಗಳಲ್ಲಿರುವ ಪೊಟ್ಯಾಶನ್ನು ಹಿಂತೆಗೆದುಕೊಂಡು ಹೊಸ ಗರಿಗಳಿಗೆ ಒದಗಿಸುತ್ತಿರುತ್ತದೆ. ಅವನ್ನು ಕಡಿದರೆ ಹಳದಿ ಬಣ್ಣ ಮೇಲಿನ ಗರಿಗಳಿಗೆ ಏರುತ್ತದೆ. ಪೂರ್ತಿ ಒಣಗಿದವನ್ನು ಮಾತ್ರ ತೆಗೆಯಿಸಿ.