ಹಳೆ ಪಾಯಿಂಟ್ ಟೂಟೂ (.22) ರೈಫಲ್: ಬ್ಯಾರೆಲ್‌ಗೆ ಕೈ ಹಾಕುವ ಮುಂಚೆ

ಸರ್, ಸಕಲೇಶಪುರದ ತೋಟದಲ್ಲಿದ್ದ ತಂದೆಯವರ ಬ್ರನೋ ಕಂಪನಿಯ .22 ರೈಫಲ್ ಈಗ ಲೈಸೆನ್ಸ್ ಸಮೇತ ನಿಮ್ಮ ಹೆಸರಿಗೆ ಬಂದಿದೆ, 50 ಮೀಟರಿನಲ್ಲಿ ಐದು ಗುಂಡು ಅಂಗೈ ಅಗಲಕ್ಕೆ ಚದುರುತ್ತವೆ, ಅಂಗಡಿಯವರು ಬ್ಯಾರೆಲ್ ಸವೆದಿದೆ ಅಂದರು ಅಂತ ಕೇಳಿದ್ದೀರಿ. ನನಗೆ ನಂಬಿಕೆ ಬರುತ್ತಿಲ್ಲ. ಈ ರೈಫಲ್ಲಿನ ತೋಟಾದ (ಕಾರ್ಟ್ರಿಜ್) ಗುಂಡು ಮೆತ್ತನೆ ಸೀಸದ್ದು, ಒತ್ತಡವೂ ಕಡಿಮೆ. ಅದರಿಂದ ಬ್ಯಾರೆಲ್ ಸವೆಯುವುದು ತುಂಬಾ ನಿಧಾನ. ಹಾಳಾಗುವುದು ಜಾಸ್ತಿ ತುಕ್ಕಿನಿಂದ, ಇಲ್ಲವೇ ಬಾಯಿ ಕಡೆಯಿಂದ ಕಬ್ಬಿಣದ ಸರಳು ತುರುಕಿ ಉಜ್ಜುವುದರಿಂದ.

ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಭಾಗ) ತೆಗೆದಿಡಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬ್ಯಾರೆಲ್ ಬಾಯಿಯ ಒಳ ಅಂಚಿನಲ್ಲಿ ನಿಧಾನವಾಗಿ ಸುತ್ತಿಸಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಅಂಚು ಮುಕ್ಕಾಗಿದೆ. ಅದೊಂದೇ ಸಾಕು ಗುಂಡು ಅಡ್ಡಾದಿಡ್ಡಿ ಹೋಗೋಕೆ. ಅಂಚು ಸರಿ ಮಾಡುವುದು ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿಯವರ) ಕೆಲಸ, ಮನೆಯಲ್ಲಿ ಅರ ಹಿಡಿಯಬೇಡಿ. ಬ್ಯಾರೆಲ್ ಉದ್ದ ಕಡಿಮೆ ಮಾಡುವುದಂತೂ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅನುಮತಿ ಇಲ್ಲದೆ ಆಗುವುದಿಲ್ಲ.

ಆಮೇಲೆ ತೋಟಾ ಕೂರುವ ಜಾಗದ ಮುಂದೆ ನೋಡಿ. ಕೇಸಿನ (ತೋಟಾದ ಲೋಹದ ಕವಚ) ಬಾಯಿ ಮುಗಿಯುವಲ್ಲಿ ಕಪ್ಪಗೆ ಗಟ್ಟಿ ಮಸಿಯ ಬಳೆ ಕಟ್ಟಿರುತ್ತದೆ. ಹಿಂದಿನಿಂದ ಕಂಚಿನ ಬ್ರಷ್ ಹಾಕಿ ತೆಗೆಯಿರಿ. ತೊಳೆದ ಮೇಲೆ ಮೊದಲ ಕೆಲವು ಗುಂಡು ಎಲ್ಲೆಲ್ಲೋ ಬೀಳುತ್ತವೆ, ಗಾಬರಿ ಬೇಡ. ಗುಂಡಿನ ಮೇಣ ಒಳಗೆಲ್ಲಾ ಹತ್ತಿದ ಮೇಲೆ ಹಾಗೆ ಚದುರುವುದು ನಿಲ್ಲುತ್ತದೆ.

ರೈಫಲ್ಲಿನ ಮರದ ಭಾಗದ ಕಡೆ ಯಾರೂ ನೋಡುವುದಿಲ್ಲ. ಮಲೆನಾಡಿನ ಮಳೆ ಕುಡಿದ ಮರ ಬೆಂಗಳೂರಿನ ಬೀರುವಿನಲ್ಲಿ ಒಣಗಿದರೆ ಆಕಾರ ಬದಲಾಗದೆ ಇರುತ್ತಾ? ಬ್ಯಾರೆಲ್ ಮತ್ತು ಮರ ಸೇರುವ ಕಡೆ ಬೆರಳಿಟ್ಟು, ಎರಡನ್ನೂ ಹಿಡಿದಿರುವ ಒಂದು ಸ್ಕ್ರೂ ನಿಧಾನವಾಗಿ ಸಡಿಲಿಸಿ. ಕಬ್ಬಿಣ ಮರದಿಂದ ಎದ್ದ ಹಾಗೆ ಬೆರಳಿಗೆ ಗೊತ್ತಾದರೆ, ಬಿಗಿಯುವಾಗ ಅದು ಬಾಗುತ್ತಿದೆ ಅಂತ ಅರ್ಥ. ಬ್ಯಾರೆಲ್ ಕೆಳಗೆ ಮುಂಭಾಗದ ಮರವನ್ನು ಸುಮ್ನೆ ಕೆತ್ತಿಬಿಡಬೇಡಿ, ಕೆಲವು ಹಳೇ ರೈಫಲ್‌ಗಳಲ್ಲಿ ಅಲ್ಲಿ ಬೇಕಂತಲೇ ಬ್ಯಾರೆಲ್‌ಗೆ ಒತ್ತು ಕೊಟ್ಟಿರುತ್ತಾರೆ.

ಸಿಡಿದ ಕೇಸಿನ ಅಂಚಿನಲ್ಲಿ ಬೋಲ್ಟಿನ ಪಿನ್ನು ಹೊಡೆದ ಗುರುತೂ ನೋಡಿ. ಒಂದು ಆಳ, ಒಂದು ತೆಳು ಇದ್ದರೆ ಬೋಲ್ಟಿನೊಳಗೆ ಹಳೇ ಗ್ರೀಸ್ ಅಂಟಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ಗುಂಡು ಮೇಲೆ ಕೆಳಗೆ ಬೀಳುವುದಕ್ಕೆ ಇದು ಸಾಮಾನ್ಯ ಕಾರಣ. ಖಾಲಿ ಟ್ರಿಗರ್ ಎಳೆಯುವ ಅಭ್ಯಾಸ ಇದ್ದರೆ ಬಿಡಿ, ಪಿನ್ನು ನೇರ ಕಬ್ಬಿಣದ ಅಂಚಿಗೆ ಬಡಿಯಬಹುದು.

ಇನ್ನು ತೋಟಾ. ನೀವು ಹಾಕುತ್ತಿರುವುದು ಹೈ ವೆಲಾಸಿಟಿ (ಹೆಚ್ಚು ವೇಗದ್ದು) ಅಂದಿರಿ. ಅದು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಗುಂಡು ಅಲುಗಬಹುದು. ಸ್ಟ್ಯಾಂಡರ್ಡ್ ವೆಲಾಸಿಟಿ 325ರ ಆಸುಪಾಸು, ಶುರುವಿನಿಂದಲೇ ಶಬ್ದಕ್ಕಿಂತ ಕಡಿಮೆ. ನಿಧಾನದ ಗುಂಡಿಗೇ ಗಾಳಿ ಹೊಡೆತ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಇಲ್ಲಿ ಉಲ್ಟಾ. ಎರಡು ಮೂರು ಕಂಪನಿಯದು ಒಂದೊಂದು ಡಬ್ಬಿ ತಂದು ಹೋಲಿಸಿ. ಯಾವುದು ಹೊಂದಿತೋ ಅದೇ ಲಾಟ್ ನಂಬರಿನದು (ಒಟ್ಟಿಗೆ ತಯಾರಾದ ಕಂತು), ಲೈಸೆನ್ಸಿನ ಮಿತಿಯೊಳಗೆ ಎಷ್ಟು ಬರುತ್ತೋ ಅಷ್ಟು ತಗೊಳ್ಳಿ.

ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿರುವ ಮೌಂಟಿನ ಸ್ಕ್ರೂ ಸಡಿಲ ಇಲ್ಲ ಅಲ್ವಾ? ಒಮ್ಮೆ ಸ್ಕೋಪನ್ನೇ ಬಿಚ್ಚಿಟ್ಟು ರೈಫಲ್ಲಿನ ಸ್ವಂತ ಸೈಟಿನಲ್ಲೇ ಹೊಡೆದು ನೋಡಿ.

ಹೊಡೆದು ನೋಡುವುದೆಲ್ಲ ಶೂಟಿಂಗ್ ರೇಂಜಿನಲ್ಲೇ, ಮರಳು ಚೀಲದ ಮೇಲಿಟ್ಟು, ಒಂದು ಸಲಕ್ಕೆ ಒಂದೇ ಬದಲಾವಣೆ. ಟಾರ್ಗೆಟ್ ಫೋಟೊ ಹಾಕಿ, ಅಡ್ಡಕ್ಕೆ ಚದುರಿದೆಯಾ ಉದ್ದಕ್ಕಾ ನೋಡಿ ಹೇಳುತ್ತೇನೆ.