ಪಾಚೊಲಿ ಲೇಖನವನ್ನು ಆರನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ 'ಲೆಕ್ಕಪತ್ರದ ಪಿತಾಮಹ ಲೂಕಾ ಪಾಚೊಲಿ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಬೇಡಿ, ತಿದ್ದಿದರೆ ಒಳ್ಳೆಯ ಲೇಖನವಾಗುತ್ತದೆ.

ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಡೆಬಿಟ್-ಕ್ರೆಡಿಟ್ ಪದ್ಧತಿಯನ್ನು ಇಟಲಿಯ ಗಣಿತಜ್ಞ ಪಾಚೊಲಿಯೇ ಕಂಡುಹಿಡಿದರು ಅಂತ ಮೂರು ಕಡೆ ಬರೆದಿದ್ದೀರಿ. ಅದು ತಪ್ಪು. ಇಟಲಿಯದೇ ಜಿನೋವಾ ನಗರದ ಆಡಳಿತ 1340ರಲ್ಲೇ ಹೀಗೆ ಲೆಕ್ಕ ಇಡುತ್ತಿತ್ತು. ಆಗ ಪಾಚೊಲಿ ಹುಟ್ಟಿರಲೇ ಇಲ್ಲ. ತಾವು ಹೇಳುತ್ತಿರುವುದು ವೆನಿಸ್‌ನವರ ಪದ್ಧತಿ ಅಂತ ಅವರೇ ಬರೆದಿದ್ದಾರೆ. ಹಾಗಾದರೆ ಅವರ ಹೆಸರೇ ಯಾಕೆ ಉಳಿಯಿತು? ನೀವು ಇದನ್ನು ಕೇಳಬೇಕಿತ್ತು ಅಲ್ವಾ? ಬೆನೆಡೆಟ್ಟೊ ಕೊಟ್ರುಲಿ ಎಂಬ ವ್ಯಾಪಾರಿ 1458ರಲ್ಲೇ ಇದರ ಬಗ್ಗೆ ಬರೆದಿದ್ದರು. ಅದು ಅಚ್ಚಾಗಿದ್ದು 1573ರಲ್ಲಿ! ಪಾಚೊಲಿಯ ಗಣಿತದ ಪುಸ್ತಕ 'ಸುಮ್ಮಾ' 1494ರಲ್ಲೇ ವೆನಿಸ್‌ನಲ್ಲಿ ಅಚ್ಚಾಯಿತು. ಅದೂ ಪಂಡಿತರ ಲ್ಯಾಟಿನ್‌ನಲ್ಲಲ್ಲ, ವ್ಯಾಪಾರಿಗಳಿಗೂ ಅರ್ಥವಾಗುವ ಆಡುನುಡಿಯಲ್ಲಿ.

ಲಿಯೊನಾರ್ಡೊ ಡಾ ವಿಂಚಿಯ ಸ್ನೇಹಕ್ಕೆ ನಾಲ್ಕು ಪ್ಯಾರಾ ಜಾಸ್ತಿಯಾಯಿತು. ಒಂದು ಸಾಲು ಸಾಕು.

ಆರನೇ ಪ್ಯಾರಾ ಓದುವಾಗ ಮಾತ್ರ ನಾನು ನೆಟ್ಟಗೆ ಕೂತೆ. ವ್ಯಾಪಾರಿ ಇಡಬೇಕೆಂದು ಪಾಚೊಲಿ ಹೇಳುವ ಮೂರು ಲೆಕ್ಕದ ಪುಸ್ತಕಗಳ ವಿಷಯ. ಕಚ್ಚಾ ಪುಸ್ತಕದಲ್ಲಿ ಮನೆಯವರು, ಆಳುಗಳು, ಯಾರು ಬೇಕಾದರೂ ಅಂದಂದಿನ ವ್ಯವಹಾರ ಬರೆದಿಡಬಹುದು. ಆಮೇಲೆ ಅದು ಕ್ರಮವಾಗಿ ದಿನವಹಿಗೆ ಹೋಗುತ್ತದೆ. ಅಲ್ಲಿಂದ ಖಾತೆ ಪುಸ್ತಕದಲ್ಲಿ ಎರಡು ಕಡೆ ಏರುತ್ತದೆ. ಡೆಬಿಟ್ ಬರೆದಾಗ ದಿನವಹಿಯ ನಮೂದಿನ ಮೇಲೆ ಒಂದು ಗೆರೆ, ಕ್ರೆಡಿಟ್ ಬರೆದಾಗ ಇನ್ನೊಂದು. ಎಷ್ಟು ಚೆನ್ನಾಗಿದೆ! ಅಷ್ಟರಲ್ಲಿ ನೀವು 'ಮಹಾನ್ ಮೇಧಾವಿ' ಅಂತ ಹೊಗಳಲು ಹೊರಟುಬಿಟ್ಟಿರಿ.

ಅಲ್ಲೇ ನಿಲ್ಲಿ. ಒಂದು ವ್ಯವಹಾರವನ್ನು ಪೂರ್ತಿ ತೋರಿಸಿ. ವ್ಯಾಪಾರಿ ನಗದು ಕೊಟ್ಟು ಶುಂಠಿ ಕೊಂಡ ಅಂದುಕೊಳ್ಳಿ. ಶುಂಠಿ ಖಾತೆಗೆ ಡೆಬಿಟ್, ನಗದು ಖಾತೆಗೆ ಅಷ್ಟೇ ಮೊತ್ತದ ಕ್ರೆಡಿಟ್. ಕೊನೆಗೆ ಎಲ್ಲ ಡೆಬಿಟ್‌ಗಳ ಮೊತ್ತ ಎಲ್ಲ ಕ್ರೆಡಿಟ್‌ಗಳ ಮೊತ್ತಕ್ಕೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಪುಸ್ತಕವೇ ಹೇಳುತ್ತದೆ. ನಾನು ಕಾಮರ್ಸ್ ಓದಿದವನು. 'ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್' ಅಂತ ಸುಮ್ನೆ ಬಾಯಿಪಾಠ ಮಾಡಿದ್ದೆವು. ಯಾಕೆ ಅಂತ ಯಾರೂ ಹೇಳಿಕೊಡಲಿಲ್ಲ. ನನ್ನಂಥ ಓದುಗರು ತುಂಬಾ ಜನ ಇದ್ದಾರೆ, ಅವರಿಗೆ ನೀವು ಹೇಳಬಹುದು.

ಹುಟ್ಟಿದ ಊರು, ಸನ್ಯಾಸ, ಪಾಠ ಹೇಳಿದ್ದು, ಎಲ್ಲ ಆಮೇಲೆ ಬರಲಿ. ಶುಂಠಿಯಿಂದ ಶುರು ಮಾಡಿ ಮತ್ತೆ ಕಳಿಸಿ. ನಾನೇ ಓದುತ್ತೇನೆ.