ದೇವಸ್ಥಾನದ ಶಾಸನದಲ್ಲಿರುವ ಶಕವರ್ಷವನ್ನು ಕ್ರಿ.ಶ.ಗೆ ತರುವುದು ಹೇಗೆ?

ಸಾಮಾನ್ಯವಾಗಿ 78 ಕೂಡಿಸಿದರೆ ಸಾಕು. ಐಹೊಳೆ ಮೇಗುತಿ ಶಾಸನದ ಶಕ 556 ಅಂದರೆ ಕ್ರಿ.ಶ. 634. ಆದರೆ ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಹಾಗಾಗಿ ತಿಂಗಳು ಮಾಘ ಅಥವಾ ಫಾಲ್ಗುಣ ಎಂದಿದ್ದರೆ 79 ಕೂಡಿಸಿ. ಪುಷ್ಯವಾದರೆ ತಿಥಿ ನೋಡಿಯೇ ತೀರ್ಮಾನಿಸಬೇಕು.

ಎಡವುವುದು ಹೆಚ್ಚಾಗಿ ಇನ್ನೊಂದು ಕಡೆ. ಕೆಲವು ಶಾಸನಗಳು ಪೂರ್ತಿ ಮುಗಿದ ವರ್ಷವನ್ನು ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ಎರಡನೆಯದಾದರೆ ಒಂದು ವರ್ಷ ಕಳೆಯಬೇಕು. ಇದನ್ನು ಹಿಡಿಯಲು ಸಂವತ್ಸರದ ಹೆಸರೇ ಒಳ್ಳೆಯ ಸಾಕ್ಷಿ. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವನ್ನು ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿ (ಶೇಷ ಸೊನ್ನೆಯಾದರೆ ಅಕ್ಷಯ). ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಶಕ 1039ಕ್ಕೆ 12 ಸೇರಿ 1051, ಶೇಷ 31, ಅಂದರೆ ಹೇಮಲಂಬಿ. ಶಾಸನದಲ್ಲೂ ಅದೇ ಇದೆ, ಕ್ರಿ.ಶ. 1117 ಸರಿ. ಶಾಸನದಲ್ಲಿರುವ ಹೆಸರು ಲೆಕ್ಕದಲ್ಲಿ ಬಂದದ್ದಕ್ಕಿಂತ ಒಂದು ಹಿಂದಿನದಾಗಿದ್ದರೆ ಅಲ್ಲಿ ನಡೆಯುತ್ತಿರುವ ವರ್ಷದ ಎಣಿಕೆ ಇದೆ ಎಂದರ್ಥ. ಬಾದಾಮಿ ಚಾಲುಕ್ಯರ ಕಾಲದ ಶಾಸನಗಳಿಗೆ ಮಾತ್ರ ಈ ಸಂವತ್ಸರದ ಲೆಕ್ಕ ಹಚ್ಚಬೇಡಿ.

‘ಚಾಳುಕ್ಯ ವಿಕ್ರಮ ವರ್ಷ’ (ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಶುರುಮಾಡಿದ ಎಣಿಕೆ) ಎಂದಿದ್ದರೆ ಶಕದ ಗೊಡವೆಯೇ ಬೇಡ, 1075 ಕೂಡಿಸಿ. ಅಂಕಿಯ ಬದಲು ರಸ, ಗಗನ ಮುಂತಾದ ಪದಗಳಿದ್ದರೆ ಬಲದಿಂದ ಎಡಕ್ಕೆ ಓದಿ: ರಸ 6, ಗಗನ 0.